ಫಿಟ್ಸ್ ಫೈಲು ಕಪ್ಪಗೆ ಕಂಡರೆ ಜೆಪೆಗ್ ಮಾಡಬೇಡಿ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ಸೆಕೆಂಡ್ ಹ್ಯಾಂಡ್ ಸಿಕ್ಕ ಸಣ್ಣ ಬಣ್ಣದ ಖಗೋಳ ಕ್ಯಾಮೆರಾ ಇದೆ. 1936×1096 ಪಿಕ್ಸೆಲ್, 12 ಬಿಟ್. ಜನವರಿಯಲ್ಲಿ ಶಾಲೆಯ ಮಾಳಿಗೆಯಿಂದ ಮಹಾವ್ಯಾಧದ ನೀಹಾರಿಕೆಯನ್ನು, ಅಂದರೆ ಎಂ42 ಅನ್ನು, 20 ಸೆಕೆಂಡಿನಂತೆ 120 ಸಲ ತೆಗೆದೆ. ಎಲ್ಲವೂ ಫಿಟ್ಸ್ ಎಂಬ ಖಗೋಳ ಚಿತ್ರಗಳ ಫೈಲುಗಳು. ಮೊಬೈಲಿನಲ್ಲಿ ತೆರೆಯುವುದಿಲ್ಲ, ಕಂಪ್ಯೂಟರಿನಲ್ಲಿ ಬರೀ ಕಪ್ಪು. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಕನ್ವರ್ಟರ್‌ನಿಂದ ಬಣ್ಣದ ಜೆಪೆಗ್ ಮಾಡಿ, ಆಮೇಲೆ ಸ್ಟ್ಯಾಕ್ ಮಾಡಿದೆ, ಅಂದರೆ ಎಲ್ಲವನ್ನೂ ಒಂದರ ಮೇಲೊಂದು ಸೇರಿಸಿದೆ. ನೀಹಾರಿಕೆಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬಂತು, ಚಿತ್ರವೆಲ್ಲ ಹಸಿರು. ಜೆಪೆಗ್ ಬದಲು ಟಿಫ್ ಎಂಬ ಚಿತ್ರದ ಫೈಲಿಗೆ ಬದಲಿಸಿದರೆ ಸರಿಹೋಗುತ್ತದೆಯೇ? ಗುರುಗ್ರಹದ ವಿಡಿಯೋ ಎಸ್‌ಇಆರ್ ಅನ್ನುವ ಫೈಲಾಗಿ ಬಂದಿದೆ, ಅದನ್ನು ಏನು ಮಾಡಲಿ? ಲ್ಯಾಪ್‌ಟಾಪ್ ತುಂಬಿಹೋಗಿದೆ, ಫಿಟ್ಸ್ ಅಳಿಸಬಹುದೇ? ಒಂದು ಫಿಟ್ಸ್ ಮತ್ತು ಅದರ ಜೆಪೆಗ್ ಕಳಿಸಿದ್ದೇನೆ.

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಫಿಟ್ಸ್ ಅಳಿಸಬೇಡಿ. ಇದನ್ನು ಪೂರ್ತಿ ಓದುವ ಮೊದಲೇ ಎದ್ದು ಹೋಗಿ 120 ಫೈಲನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಬನ್ನಿ. ನಿಮ್ಮ ನೀಹಾರಿಕೆ ಇರುವುದು ಅದರಲ್ಲಿ. ಜೆಪೆಗ್‌ನಲ್ಲಿ ಅದರ ಹೊರಗಿನ ತೆಳು ಭಾಗ ಆಗಲೇ ಹೋಗಿದೆ, ಯಾವ ತಂತ್ರಾಂಶ ತಂದರೂ ಅದು ವಾಪಸ್ ಬರುವುದಿಲ್ಲ.

ಹೇಗೆ ಹೋಯಿತು ಅಂತ ನೀವು ಕಳಿಸಿದ ಎರಡು ಫೈಲುಗಳಲ್ಲೇ ತೋರಿಸುತ್ತೇನೆ.

ಫಿಟ್ಸ್ ಅಂದರೆ ಫೋಟೋ ಅನ್ನುವುದಕ್ಕಿಂತ ಅಂಕಿಗಳ ಪಟ್ಟಿ ಅನ್ನುವುದು ಸರಿ. ಪ್ರತಿ ಪಿಕ್ಸೆಲ್‌ಗೆ ಎಷ್ಟು ಬೆಳಕು ಬಿತ್ತು ಅನ್ನುವುದಕ್ಕೆ ಒಂದೊಂದು ಅಂಕಿ. ನಿಮ್ಮ ಕ್ಯಾಮೆರಾ 12 ಬಿಟ್‌ನದು, ಹಾಗಾಗಿ ಅದು ಎಣಿಸುವುದು 0ಯಿಂದ 4095ರವರೆಗೆ. ಫೈಲಿಗೆ ಬರೆಯುವಾಗ ಅದನ್ನು 16ರಿಂದ ಗುಣಿಸಿ 16 ಬಿಟ್‌ಗೆ ಏರಿಸಿದೆ. ನೀಹಾರಿಕೆಯ ಆಚೆ ಖಾಲಿ ಆಕಾಶ ಇರುವ ಕಡೆ ಮೌಸ್ ಇಟ್ಟೆ. 1504 ಅಂತ ತೋರಿಸಿತು. ಕ್ಯಾಮೆರಾದ ಲೆಕ್ಕದಲ್ಲಿ 94. ನೀಹಾರಿಕೆಯ ಅಂಚಿನ ಮಸುಕು ರೆಕ್ಕೆಯ ಮೇಲೆ ಇಟ್ಟೆ. 1568, ಅಂದರೆ 98. ವ್ಯತ್ಯಾಸ ಬರೀ ನಾಲ್ಕು ಎಣಿಕೆ. ಆ ನಾಲ್ಕು ಎಣಿಕೆಗೋಸ್ಕರ ತಾನೇ ನೀವು ಚಳಿಯಲ್ಲಿ ಮಾಳಿಗೆ ಮೇಲೆ ಕೂತದ್ದು!

ಈಗ ಪರದೆ ಯಾಕೆ ಕಪ್ಪು ಅಂತ ಗೊತ್ತಾಗುತ್ತದೆ. 65535ಕ್ಕೆ ಬಿಳಿ, 0ಗೆ ಕಪ್ಪು ಅಂತ ಇಟ್ಟುಕೊಂಡರೆ 1504 ಅನ್ನುವುದು ನೂರಕ್ಕೆ ಎರಡೂ ಚಿಲ್ಲರೆ. ಅದು ಕಣ್ಣಿಗೆ ಕಪ್ಪೇ. ಫೈಲಿನಲ್ಲಿ ದೋಷ ಇಲ್ಲ, ತೋರಿಸುವ ರೀತಿ ಹಾಗಿದೆ ಅಷ್ಟೆ.

ಜೆಪೆಗ್‌ಗೆ ಇರುವುದು 256 ಮೆಟ್ಟಿಲು ಮಾತ್ರ. 65536 ಮೆಟ್ಟಿಲನ್ನು 256ಕ್ಕೆ ಇಳಿಸಲು ಪ್ರತಿ ಅಂಕಿಯನ್ನೂ 257ರಿಂದ ಭಾಗಿಸುತ್ತಾರೆ. 1504 ಭಾಗ 257 ಅಂದರೆ 5.85, ದುಂಡು ಮಾಡಿದರೆ 6. 1568 ಭಾಗ 257 ಅಂದರೆ 6.10, ಅದೂ 6. ಆಕಾಶವೂ 6, ನೀಹಾರಿಕೆಯೂ 6. ನಿಮ್ಮ ಜೆಪೆಗ್‌ನಲ್ಲಿ ಅದೇ ಎರಡು ಜಾಗದಲ್ಲಿ ಮೌಸ್ ಇಟ್ಟು ನೋಡಿದೆ. ಎರಡೂ ಕಡೆ ಒಂದೇ ಅಂಕಿ.

120 ಫೋಟೋ ಸೇರಿಸುವುದು ಇಂಥ ಸಣ್ಣ ವ್ಯತ್ಯಾಸವನ್ನು ಹೊರತೆಗೆಯಲೆಂದೇ. ಒಂದು ಫೋಟೋದಲ್ಲಿ ಅಂಕಿಗಳು ಸುಮ್ನೆ ಏರುಪೇರಾಗುತ್ತಿರುತ್ತವೆ. 120ರ ಸರಾಸರಿ ತೆಗೆದರೆ ಆ ಏರುಪೇರು ಸುಮಾರು 11 ಪಟ್ಟು ಇಳಿಯುತ್ತದೆ, ಯಾಕೆಂದರೆ 120ರ ವರ್ಗಮೂಲ 10.95. ಆಗ 1504 ಮತ್ತು 1568 ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಆದರೆ ಸೇರಿಸುವ ಮೊದಲೇ ಎರಡನ್ನೂ 6 ಮಾಡಿಬಿಟ್ಟರೆ, 120 ಆರುಗಳ ಸರಾಸರಿ ಆರೇ. ನೀವು ಕಂಡ ಪಟ್ಟೆಗಳು 5, 6, 7 ಎಂಬ ಆ ಮೆಟ್ಟಿಲುಗಳೇ. ಚಿತ್ರವನ್ನು ಬೆಳಗಿಸಿದಾಗ ಬೆಟ್ಟದ ನಕ್ಷೆಯ ಗೆರೆಗಳ ಹಾಗೆ ಎದ್ದವು.

ಇದು ಸಾಲದು ಅಂತ ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಸಣ್ಣ ವಿವರಗಳನ್ನು ಎಸೆಯುತ್ತದೆ. ಮದುವೆ ಫೋಟೋಗೆ ಅದು ತೊಂದರೆ ಇಲ್ಲ. ಮಸುಕು ನಕ್ಷತ್ರಕ್ಕೆ ತೊಂದರೆ, ಏಕೆಂದರೆ ಮಸುಕು ನಕ್ಷತ್ರವೇ ಸಣ್ಣ ವಿವರ. ಇನ್ನು ಕೆಲವು ಕನ್ವರ್ಟರ್‌ಗಳು ಪ್ರತಿ ಫೋಟೋವನ್ನೂ ತಮಗೆ ತೋಚಿದಷ್ಟು ಬೆಳಗಿಸಿಕೊಡುತ್ತವೆ. ಆಗ ಒಂದು ಫೋಟೋದ 6 ಇನ್ನೊಂದು ಫೋಟೋದ 6ಕ್ಕೆ ಸಮ ಆಗುವುದಿಲ್ಲ. ಸರಾಸರಿಗೇ ಅರ್ಥ ಹೋಗುತ್ತದೆ.

ಹಾಗಾದರೆ ಟಿಫ್? 16 ಬಿಟ್ ಟಿಫ್‌ನಲ್ಲಿ ಅಂಕಿಗಳು ಹಾಗೇ ಉಳಿಯುತ್ತವೆ, ಆ ಮಟ್ಟಿಗೆ ನಿಮ್ಮ ಊಹೆ ಸರಿ. ಆದರೆ ಇನ್ನೊಂದು ಹೋಗುತ್ತದೆ. ಅದರ ಬೆಲೆ ನನಗೆ ಗೊತ್ತು.

ಕೆಲವು ವರ್ಷಗಳ ಹಿಂದೆ ಬಾಗೇಪಲ್ಲಿ ಕಡೆ ಸ್ನೇಹಿತರ ತೋಟದಲ್ಲಿ ಎರಡು ರಾತ್ರಿ ಕೂತು ಒಂದು ಧೂಮಕೇತುವಿನ ಫೋಟೋ ತೆಗೆದೆ. ಜಾಗ ಉಳಿಸಬೇಕು ಅಂತ ಎಲ್ಲವನ್ನೂ ಟಿಫ್ ಮಾಡಿ ಮೂಲ ಫೈಲುಗಳನ್ನು ಅಳಿಸಿದೆ. ತಿಂಗಳಾದ ಮೇಲೆ, ಧೂಮಕೇತು ಗಂಟೆಗೆ ಎಷ್ಟು ಸರಿದಿದೆ ಅಂತ ಅಳೆಯಲು ಕೂತೆ. ಯಾವ ಚಿತ್ರ ಎಷ್ಟು ಹೊತ್ತಿನದು ಅಂತ ಎಲ್ಲೂ ಇಲ್ಲ. ಫೈಲಿನ ಮೇಲೆ ಇದ್ದದ್ದು ನಾನು ಟಿಫ್ ಮಾಡಿದ ದಿನದ ಹೊತ್ತು. ಚಿತ್ರಗಳು ಚೆನ್ನಾಗಿದ್ದವು, ಗೋಡೆಗೆ ಹಾಕಬಹುದಿತ್ತು. ಅಳತೆಗೆ ಮಾತ್ರ ಒಂದೂ ಆಗಲಿಲ್ಲ. ಆ ಧೂಮಕೇತು ಮತ್ತೆ ಸಿಗುವುದೂ ಇಲ್ಲ.

ಕಳೆದುಹೋದದ್ದು ಫಿಟ್ಸ್ ಫೈಲಿನ ತಲೆಭಾಗ, ಅಂದರೆ ಹೆಡರ್. ನಿಮ್ಮ ಫೈಲಿನದ್ದನ್ನು ತೆರೆದು ನೋಡಿ, ಓದಲು ತುಂಬ ಸುಲಭ. ಒಂದೊಂದು ಸಾಲಿಗೆ 80 ಅಕ್ಷರ. ಪಂಚ್ ಕಾರ್ಡ್ ಕಾಲದಿಂದ ಬಂದ ಅಳತೆ ಅದು. ಅಂಥ 36 ಸಾಲು ಸೇರಿದರೆ 2880 ಬೈಟಿನ ಒಂದು ಕಟ್ಟು. ಅಂಕಿಗಳನ್ನೂ 2880ರ ಕಟ್ಟುಗಳಲ್ಲೇ ಇಡುತ್ತಾರೆ, ಕೊನೆಯ ಕಟ್ಟು ತುಂಬದಿದ್ದರೆ ಸೊನ್ನೆ ತುಂಬಿಸುತ್ತಾರೆ. ನಿಮ್ಮ ಫೈಲಿನ ಗಾತ್ರ ಸರಿಯಾಗಿ 42,48,000 ಬೈಟ್. ಅದನ್ನು 2880ರಿಂದ ಭಾಗಿಸಿ, 1475 ಬರುತ್ತದೆ. ಒಂದು ಕಟ್ಟು ಹೆಡರ್, 1474 ಕಟ್ಟು ಚಿತ್ರ.

ನಿಮ್ಮ ಹೆಡರ್‌ನಲ್ಲಿ ನಾನು ಮೊದಲು ನೋಡಿದ್ದು ಬಿಟ್‌ಪಿಕ್ಸ್ ಅನ್ನುವ ಸಾಲು. ಅಲ್ಲಿ 16 ಇದೆ. 8 ಇದ್ದಿದ್ದರೆ ಕ್ಯಾಮೆರಾ ತಂತ್ರಾಂಶದಲ್ಲಿ ರಾ8 ಅಂತ ಒತ್ತಿ ತೆಗೆದದ್ದು ಅಂತ ಅರ್ಥ, ಆಗ ನಷ್ಟ ತೆಗೆಯುವಾಗಲೇ ಆಗಿರುತ್ತಿತ್ತು. ನೀವು ರಾ16ರಲ್ಲೇ ತೆಗೆದಿದ್ದೀರಿ, ಬಹಳ ಒಳ್ಳೆಯದಾಯಿತು. ಕೆಳಗೆ ಬಿ-ಜೀರೋ ಅಂತ 32768 ಇದೆ. ಫಿಟ್ಸ್‌ನಲ್ಲಿ 16 ಬಿಟ್ ಅಂಕಿಗಳನ್ನು ಋಣ-ಧನ ಎರಡೂ ಇರುವಂತೆ ಬರೆಯುತ್ತಾರೆ, ಓದುವಾಗ 32768 ಕೂಡಿಸಿಕೊಳ್ಳಬೇಕು. ಅರೆಬರೆ ಕನ್ವರ್ಟರ್‌ಗಳು ಈ ಸಾಲನ್ನು ಮರೆತು ಚಿತ್ರವನ್ನು ಚಿತ್ರಾನ್ನ ಮಾಡುವುದುಂಟು.

ಡೇಟ್-ಆಬ್ಸ್ ಸಾಲಿನಲ್ಲಿ 15:42:10 ಅಂತ ಇದೆ. ಮಧ್ಯಾಹ್ನ ಎಲ್ಲಿಂದ ನಕ್ಷತ್ರ ಅಂತ ಗಾಬರಿ ಬೇಡ. ಇದು ವಿಶ್ವ ಸಮಯ. ಐದೂವರೆ ಗಂಟೆ ಕೂಡಿಸಿ, ರಾತ್ರಿ 9:12 ಆಗುತ್ತದೆ. ಬೆಳಗಿನ ಜಾವ ತೆಗೆದ ಫೋಟೋಗಳಲ್ಲಿ ಇನ್ನೂ ಎಚ್ಚರ ಬೇಕು. ಬೆಳಿಗ್ಗೆ 5 ಗಂಟೆಗೆ ತೆಗೆದದ್ದಕ್ಕೆ ಹಿಂದಿನ ದಿನದ ತಾರೀಖು, 23:30 ಅಂತ ಬಿದ್ದಿರುತ್ತದೆ. ಇದನ್ನು ತಿದ್ದಬೇಡಿ, ಹಾಗೇ ಇರಲಿ.

ಈ ಫಿಟ್ಸ್ ಹುಟ್ಟಿದ್ದೇ ಫೈಲು ಬದಲಾಯಿಸುವ ತಲೆನೋವಿನಿಂದ. 1970ರ ದಶಕದಲ್ಲಿ ಒಂದು ವೀಕ್ಷಣಾಲಯದ ಟೇಪನ್ನು ಇನ್ನೊಂದು ವೀಕ್ಷಣಾಲಯದ ಕಂಪ್ಯೂಟರ್ ಓದುತ್ತಿರಲಿಲ್ಲ. ಅದಕ್ಕೆ ಎಲ್ಲರೂ ಓದಬಲ್ಲ ಒಂದು ರೂಪ ಬೇಕಾಯಿತು. 2880ರ ಕಟ್ಟನ್ನು ಆರಿಸಿದ್ದೂ ಅದಕ್ಕೇ, ಆಗಿನ ಎಲ್ಲ ಕಂಪ್ಯೂಟರ್‌ಗಳ ಅಳತೆಗೂ ಅದು ಶೇಷವಿಲ್ಲದೆ ಹೊಂದುತ್ತಿತ್ತು. 1981ರಲ್ಲಿ ಅದು ಪ್ರಕಟವಾಯಿತು, 1982ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿಕೊಂಡಿತು. ಆಗ ಆ ಒಕ್ಕೂಟದ ಅಧ್ಯಕ್ಷರಾಗಿದ್ದವರು ತಮಿಳುನಾಡಿನ ಕಾವಲೂರು ವೀಕ್ಷಣಾಲಯವನ್ನು ಕಟ್ಟಿದ ನಮ್ಮ ವೈನು ಬಾಪು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅಂದಿನಿಂದ ಫಿಟ್ಸ್‌ಗೆ ಎಷ್ಟೇ ಹೊಸದು ಸೇರಿಸಿದರೂ ಹಳೆಯ ಫೈಲು ಓದಲು ಬರಲೇಬೇಕು ಅನ್ನುವ ನಿಯಮವನ್ನು ಒಕ್ಕೂಟ ಕಾಪಾಡಿಕೊಂಡು ಬಂದಿದೆ. ನಿಮಗೆ ದೂರವೇನಲ್ಲದ ಹೊಸಕೋಟೆಯಲ್ಲಿ ಕೂತು ಲಡಾಖ್‌ನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ನಡೆಸುತ್ತಾರಲ್ಲ, ಅಲ್ಲಿಂದ ಬರುವ ಚಿತ್ರವೂ ಫಿಟ್ಸ್. ನಿಮ್ಮ ಮಾಳಿಗೆಯ ಫೈಲೂ ಅದೇ ಜಾತಿಯದು.

ನಿಮ್ಮೂರಲ್ಲಿ ರೇಷ್ಮೆಗೂಡಿನ ವ್ಯಾಪಾರ ನೋಡದವರು ಯಾರಿದ್ದಾರೆ? ಗೂಡಿನಿಂದ ನೂಲು ಬಿಚ್ಚಬಹುದು, ನೂಲಿನಿಂದ ಸೀರೆ ಮಾಡಬಹುದು. ಸೀರೆಯಿಂದ ಗೂಡು ಮಾಡಲು ಬರುವುದಿಲ್ಲ. ಫಿಟ್ಸ್ ಗೂಡು, ಜೆಪೆಗ್ ಸೀರೆ. ಹಾಗಾಗಿ ಎಲ್ಲ ಕೆಲಸ ಫಿಟ್ಸ್‌ನಲ್ಲೇ ಆಗಲಿ. ಬೇರೆ ಫಾರ್ಮ್ಯಾಟ್‌ಗೆ ಹೋಗುವುದು ಕಟ್ಟಕಡೆಗೆ, ಒಂದೇ ಒಂದು ಚಿತ್ರ.

ಇನ್ನು ಹಸಿರು ಬಣ್ಣ. ಬಣ್ಣದ ಕ್ಯಾಮೆರಾದಲ್ಲಿ ಪ್ರತಿ ಪಿಕ್ಸೆಲ್ ಮೇಲೂ ಒಂದೇ ಬಣ್ಣದ ಸೋಸುಗಾಜು ಇರುತ್ತದೆ. ನಿಮ್ಮದರಲ್ಲಿ ಮೊದಲ ಸಾಲು ಕೆಂಪು-ಹಸಿರು, ಎರಡನೇ ಸಾಲು ಹಸಿರು-ನೀಲಿ. ಹೆಡರ್‌ನಲ್ಲಿ ಬೇಯರ್‌ಪ್ಯಾಟ್ ಎದುರು ಆರ್‌ಜಿಜಿಬಿ ಅಂತ ಇರುವುದು ಇದನ್ನೇ. ಅರ್ಧ ಪಿಕ್ಸೆಲ್‌ಗಳು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಅಕ್ಕಪಕ್ಕದವನ್ನು ನೋಡಿ ಪ್ರತಿ ಪಿಕ್ಸೆಲ್‌ಗೂ ಮೂರು ಬಣ್ಣ ತುಂಬುವುದನ್ನು ಡಿಬೇಯರ್ ಅನ್ನುತ್ತಾರೆ. ಕ್ಯಾಮೆರಾ ಹಸಿರನ್ನು ಜಾಸ್ತಿ ಹಿಡಿಯುತ್ತದೆ, ಆದ್ದರಿಂದ ಡಿಬೇಯರ್ ಆದ ಮೇಲೆ ಬಣ್ಣ ಹೊಂದಿಸದಿದ್ದರೆ ಚಿತ್ರ ಹಸಿರಾಗಿಯೇ ಬರುತ್ತದೆ. ಇದು ಸರಿಮಾಡಬಹುದಾದ ತೊಂದರೆ, ಹೆದರಬೇಡಿ.

ಆದರೆ ಡಿಬೇಯರ್ ಯಾವಾಗ ಮಾಡಬೇಕು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಕ್ಯಾಮೆರಾದಲ್ಲಿ ಕೆಲವು ಪಿಕ್ಸೆಲ್‌ಗಳು ಬೆಳಕು ಬೀಳದಿದ್ದರೂ ಉರಿಯುತ್ತಿರುತ್ತವೆ. ನಿಮ್ಮ ಫೈಲಿನಲ್ಲೂ ಇವೆ, ಒಂಟಿ ಚುಕ್ಕಿಗಳು. ದೂರದರ್ಶಕಕ್ಕೆ ಮುಚ್ಚಳ ಹಾಕಿ ತೆಗೆದ ಡಾರ್ಕ್ ಫೋಟೋವನ್ನು ಕಳೆದರೆ ಅವು ಹೋಗುತ್ತವೆ. ಅದಕ್ಕೆ ಮೊದಲೇ ಡಿಬೇಯರ್ ಮಾಡಿದರೆ ಆ ಒಂದು ಚುಕ್ಕಿಯ ಅಂಕಿ ಸುತ್ತಲಿನ ಪಿಕ್ಸೆಲ್‌ಗಳಿಗೂ ಹರಡಿ ಬಣ್ಣದ ಶಿಲುಬೆಯಾಗುತ್ತದೆ. ಆಮೇಲೆ ಕಳೆಯಲು ಹೋದರೆ ಪೂರ್ತಿ ಹೋಗುವುದಿಲ್ಲ. ಮೊದಲು ಡಾರ್ಕ್ ಕಳೆಯಿರಿ, ಆಮೇಲೆ ಡಿಬೇಯರ್.

ಫಾರ್ಮ್ಯಾಟ್ ಬದಲಿಸುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ಕೆಲವು ತಂತ್ರಾಂಶಗಳು ಚಿತ್ರವನ್ನು ಮೇಲಿನ ಸಾಲಿನಿಂದ ಬರೆಯುತ್ತವೆ, ಕೆಲವು ಕೆಳಗಿನ ಸಾಲಿನಿಂದ. ಒಂದು ಬರೆದದ್ದನ್ನು ಇನ್ನೊಂದು ಓದಿದರೆ ಚಿತ್ರ ತಲೆಕೆಳಗಾಗುತ್ತದೆ. ಅದಷ್ಟೇ ಆದರೆ ತಿರುಗಿಸಿಕೊಳ್ಳಬಹುದು. ಆದರೆ ತಲೆಕೆಳಗಾದಾಗ ಮೊದಲ ಸಾಲು ಹಸಿರು-ನೀಲಿ ಆಗಿಬಿಡುತ್ತದೆ, ಆರ್‌ಜಿಜಿಬಿ ಹೋಗಿ ಜಿಬಿಆರ್‌ಜಿ. ಹೆಡರ್‌ನಲ್ಲಿ ಮಾತ್ರ ಹಳೆಯದೇ ಇರುತ್ತದೆ. ಅದನ್ನು ನಂಬಿ ಡಿಬೇಯರ್ ಮಾಡಿದರೆ ಚಿತ್ರವೆಲ್ಲ ನೇರಳೆಗೆ ತಿರುಗುತ್ತದೆ. ಹೊಸ ತಂತ್ರಾಂಶಗಳು ಇದಕ್ಕೆಂದೇ ರೋ-ಆರ್ಡರ್ ಎಂಬ ಸಾಲನ್ನು ಹೆಡರ್‌ಗೆ ಸೇರಿಸುತ್ತವೆ. ಅನುಮಾನ ಬಂದರೆ ಆರ್ದ್ರಾ ನಕ್ಷತ್ರದ ಒಂದು ಫೋಟೋ ತೆಗೆದು ನೋಡಿ. ನಿಮ್ಮ ನೀಹಾರಿಕೆ ಇರುವ ಮಹಾವ್ಯಾಧದಲ್ಲೇ ಅದೂ ಇದೆ. ಅದು ಕಿತ್ತಳೆ ಬಣ್ಣಕ್ಕೆ ಬಂದರೆ ಸರಿ, ಬಣ್ಣ ಹೊಂದಿಸಿದ ಮೇಲೂ ಬೇರೆ ಬಣ್ಣಕ್ಕೆ ಬಂದರೆ ಸೋಸುಗಾಜುಗಳ ಕ್ರಮ ತಪ್ಪಿದೆ.

ಕೆಲಸಕ್ಕೆ ಸಿರಿಲ್ ಅನ್ನುವ ತಂತ್ರಾಂಶ ಹಾಕಿಕೊಳ್ಳಿ. ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ, ಫಿಟ್ಸ್ ಅದರ ಮಾತೃಭಾಷೆ. ಒಂದು ಫೈಲು ತೆರೆದು ಕೆಳಗಿನ ಪಟ್ಟಿಯಲ್ಲಿ ಲೀನಿಯರ್ ಅಂತ ಇರುವುದನ್ನು ಆಟೋಸ್ಟ್ರೆಚ್ ಮಾಡಿ. ಕಪ್ಪು ಪರದೆಯಲ್ಲಿ ನೀಹಾರಿಕೆ ಎದ್ದು ಬರುತ್ತದೆ. ಇಲ್ಲಿ ಬದಲಾಗುವುದು ನೋಟ ಮಾತ್ರ, ಅಂಕಿಗಳು ಹಾಗೇ ಇರುತ್ತವೆ. ನೀವು ಕನ್ವರ್ಟರ್‌ನ ಹತ್ತಿರ ಹೋದದ್ದು ಈ ಒಂದು ಗುಂಡಿಗೋಸ್ಕರ.

ಆಮೇಲೆ ಲೈಟ್ಸ್ (ನೀಹಾರಿಕೆಯ ಫೋಟೋಗಳು), ಡಾರ್ಕ್ಸ್, ಫ್ಲಾಟ್ಸ್ (ಸಮನಾದ ಬೆಳಕಿನತ್ತ ತಿರುಗಿಸಿ ತೆಗೆದವು), ಬಯಾಸಸ್ (ಮುಚ್ಚಳ ಹಾಕಿ ಅತಿ ಕಡಿಮೆ ಹೊತ್ತು ತೆಗೆದವು) ಅಂತ ನಾಲ್ಕು ಫೋಲ್ಡರ್ ಮಾಡಿ ಫೈಲುಗಳನ್ನು ಹಾಕಿದರೆ, ಬಣ್ಣದ ಕ್ಯಾಮೆರಾಗೆ ಅಂತ ಇರುವ ಸ್ಕ್ರಿಪ್ಟ್ ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಮಾಡಿಕೊಡುತ್ತದೆ. ಡಾರ್ಕ್ ಇಲ್ಲದವರಿಗೂ ಬೇರೆ ಸ್ಕ್ರಿಪ್ಟ್ ಇದೆ. ಆದರೂ ಇದೇ ವಾರ ಒಂದು ರಾತ್ರಿ ಮುಚ್ಚಳ ಹಾಕಿ, ಅದೇ 20 ಸೆಕೆಂಡ್, ಅದೇ ಗೇನ್ (ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುವ ಮಟ್ಟ) ಇಟ್ಟು 20–30 ಡಾರ್ಕ್ ತೆಗೆದುಬಿಡಿ. ಚಳಿ ಆ ರಾತ್ರಿಯಷ್ಟೇ ಇದ್ದರೆ ಒಳ್ಳೆಯದು. ಕೈಯಿಂದ ಮಾಡುವುದಾದರೆ ಕನ್ವರ್ಷನ್ ಪುಟದಲ್ಲಿ ಡಿಬೇಯರ್ ಟಿಕ್ ತೆಗೆದಿಡಿ. ನಕ್ಷತ್ರಗಳ ನಿಜವಾದ ಬಣ್ಣ ನೋಡಿ ಬಣ್ಣ ಹೊಂದಿಸುವ ಸೌಲಭ್ಯವೂ ಇದೆ, ನಿಮ್ಮ ಹಸಿರು ಹೋಗುವುದು ಅಲ್ಲಿ. ಅದಕ್ಕೆ ಪಿಕ್ಸೆಲ್ ಗಾತ್ರ, ದೂರದರ್ಶಕದ ನಾಭಿದೂರ ಬೇಕು. ಪಿಕ್ಸೆಲ್ ಗಾತ್ರ 2.9 ಮೈಕ್ರಾನ್ ಅಂತ ಹೆಡರ್‌ನಲ್ಲೇ ಇದೆ. ಟಿಫ್ ಆಗಿದ್ದರೆ ಅದನ್ನೂ ನೀವೇ ಹುಡುಕಿ ತುಂಬಬೇಕಿತ್ತು.

ಜಾಗದ ಮಾತು. ನಿಮ್ಮ 120 ಮೂಲ ಫೈಲುಗಳು ಸೇರಿದರೂ ಸುಮಾರು 510 ಎಂಬಿ, ಅಷ್ಟೇ. ಲ್ಯಾಪ್‌ಟಾಪ್ ತುಂಬಿಸುವುದು ನಡುವಿನ ಫೈಲುಗಳು. ಡಿಬೇಯರ್ ಆದರೆ ಒಂದು ಬಣ್ಣ ಮೂರಾಗುತ್ತದೆ, 16 ಬಿಟ್ ಹೋಗಿ 32 ಬಿಟ್ ಆಗುತ್ತದೆ. ಒಟ್ಟು ಆರು ಪಟ್ಟು. ಅದೇ 120 ಚಿತ್ರ 3 ಜಿಬಿ ತಿನ್ನುತ್ತದೆ, ನಕ್ಷತ್ರಗಳು ಒಂದರ ಮೇಲೊಂದು ಕೂರುವಂತೆ ಚಿತ್ರಗಳನ್ನು ಹೊಂದಿಸಿದಾಗ ಇನ್ನೊಂದು 3 ಜಿಬಿ. ಸಿರಿಲ್‌ನಲ್ಲಿ ಇವುಗಳ ಹೆಸರು ಪಿಪಿ, ಆರ್ ಅನ್ನುವ ಅಕ್ಷರಗಳಿಂದ ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಅವನ್ನು ಧೈರ್ಯವಾಗಿ ಅಳಿಸಿ. ಮೂಲವನ್ನೂ ಕುಗ್ಗಿಸಬೇಕು ಅಂದರೆ ರೈಸ್ ಅನ್ನುವ ವಿಧಾನದಲ್ಲಿ ಫಿಟ್ಸ್ ಅನ್ನೇ ಒತ್ತಿಡಬಹುದು. 16 ಬಿಟ್ ಪೂರ್ಣಾಂಕದ ಫೈಲಾದರೆ ಒಂದು ಅಂಕಿಯೂ ಬದಲಾಗದೆ ವಾಪಸ್ ಬರುತ್ತದೆ. ದಶಾಂಶ ಅಂಕಿಯ 32 ಬಿಟ್ ಫೈಲುಗಳಿಗೆ ಆ ಭರವಸೆ ಇಲ್ಲ.

ಗುರುವಿನ ಎಸ್‌ಇಆರ್ ಫೈಲನ್ನು ಎವಿಐ ಎಂಬ ಮಾಮೂಲಿ ವಿಡಿಯೋ ಫೈಲು ಮಾಡಬೇಡಿ. ಎಸ್‌ಇಆರ್‌ನಲ್ಲೂ ಒಂದು ಪುಟ್ಟ ಹೆಡರ್ ಇದೆ, 178 ಬೈಟ್. ಕೊನೆಯಲ್ಲಿ ಪ್ರತಿ ಫ್ರೇಮ್ ತೆಗೆದ ಹೊತ್ತನ್ನೂ ಬರೆದಿಡಬಹುದು. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ, ಕೆಲವೇ ನಿಮಿಷದಲ್ಲಿ ಅದರ ಮೇಲಿನ ಕಲೆಗಳು ಸರಿದಿರುತ್ತವೆ. ಹಾಗಾಗಿ ಆ ಹೊತ್ತು ಬೇಕೇ ಬೇಕು. ಗ್ರಹಗಳ ವಿಡಿಯೋ ಫ್ರೇಮ್‌ಗಳನ್ನು ಸೇರಿಸುವ ಆಟೋಸ್ಟ್ಯಾಕರ್ಟ್ ತಂತ್ರಾಂಶ ಎಸ್‌ಇಆರ್ ಅನ್ನು ನೇರವಾಗಿ ಓದುತ್ತದೆ, ಬದಲಿಸುವ ಅಗತ್ಯವೇ ಇಲ್ಲ. ಇಲ್ಲಿ 8 ಬಿಟ್‌ನಲ್ಲಿ ತೆಗೆದಿದ್ದರೂ ಚಿಂತೆ ಬೇಡ. ಗುರು ಬೆಳಗುವ ಗ್ರಹ, ಸಾವಿರಾರು ಫ್ರೇಮ್ ಸೇರುತ್ತವೆ.

ಎಲ್ಲ ಮುಗಿದು ನೀಹಾರಿಕೆಯ ಒಂದು ಚಿತ್ರ ಕೈಗೆ ಬಂದಾಗ, ಅದನ್ನು ಸಿರಿಲ್‌ನಲ್ಲೇ ಸ್ಟ್ರೆಚ್ ಮಾಡಿ, ಅಂದರೆ ಈ ಸಲ ಅಂಕಿಗಳನ್ನೇ ಬದಲಿಸಿ. ಆಮೇಲೆ 16 ಬಿಟ್ ಟಿಫ್. ಟಿಫ್‌ನ ಜಾಗ ಇದು. ಅದನ್ನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು ಅಂದ ಮಾಡಿಕೊಂಡು, ಕಡೆಗೆ ಜೆಪೆಗ್. ಸ್ಟ್ರೆಚ್ ಮಾಡುವ ಮೊದಲಿನ ಫಿಟ್ಸ್ ಪ್ರತಿಯನ್ನೂ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಅದು 32 ಬಿಟ್‌ನದು, ಸಿರಿಲ್ ಅದರಲ್ಲಿ 0ಯಿಂದ 1ರವರೆಗೆ ಅಂಕಿ ಇಡುತ್ತದೆ. 65535ರವರೆಗೆ ನಿರೀಕ್ಷಿಸುವ ಬೇರೆ ತಂತ್ರಾಂಶದಲ್ಲಿ ತೆರೆದರೆ ಮತ್ತೆ ಪೂರಾ ಕಪ್ಪಾಗಿ ಕಾಣಬಹುದು. ಆಗ ಗಾಬರಿಯಾಗಿ ಕನ್ವರ್ಟರ್ ಹುಡುಕಬೇಡಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ.

ಮಕ್ಕಳಿಗೆ ಮುಗಿದ ಚಿತ್ರದ ಜೊತೆ ಒಂದು ಮೂಲ ಫಿಟ್ಸ್ ಅನ್ನೂ ತೆರೆದು ತೋರಿಸಿ. ಮೌಸನ್ನು ಅವರ ಕೈಗೇ ಕೊಡಿ. ಹತ್ತು ಪಿಕ್ಸೆಲ್‌ಗಳ ಅಂಕಿ ಬರೆದುಕೊಂಡು ಒಂದೊಂದನ್ನೂ 16ರಿಂದ ಭಾಗಿಸಲಿ. ಒಂದರಲ್ಲೂ ಶೇಷ ಉಳಿಯುವುದಿಲ್ಲ. ಯಾಕೆ ಹೀಗೆ ಅಂತ ಕೇಳಿ, ಉತ್ತರವನ್ನು ಒಂದು ದಿನ ಬಿಟ್ಟು ಹೇಳಿ.